ಕಿನ್ನಿ ಹಾರಿತಾ?

ಜನವರಿ 19, ಭಾನುವಾರ
ಬಸ್ ಲೇಟ್. ಮುಐದರ್‌ನ ಕ್ಯಾಂಪಿನಿಂದ ಜೆಟ್ಟಿ ತಲುಪುವಾಗ ಮೊಹಮ್ಮದ್ ಗೇಟಿನಲ್ಲೇ ವಾಚು ತೋರಿಸುತ್ತ ನಿಂತಿದ್ದ. ಉಳ್ಳಾಲದವನು, ನನ್ನ ಫೋರ್‌ಮನ್. ಈ ಅರಬ್ ದೇಶದಲ್ಲಿ ಊರಿನವನೆಂದು ರಿಯಾಯಿತಿ ಏನಿಲ್ಲ. ಕೊನೆಯ ಕಂಬದ ಲೈಟು ಹೋಗಿದೆ. ಮುಟ್ಟುವ ಹಾಗಿಲ್ಲ — ಮೇಲೆ ಮೀನುಗಿಡುಗ ಗೂಡು ಕಟ್ಟಿ ಕಾವಿಗೆ ಕೂತಿದೆ.

ಫೋಟೋ ಹೆಂಡತಿ ಭವ್ಯಶ್ರೀಗೆ ಕಳಿಸಿದೆ. ಸುಮ್ಮನೆ. ನವೆಂಬರಿನಲ್ಲಿ ಮಗು ಹೊಟ್ಟೆಯಲ್ಲೇ ಹೋದ ಮೇಲೆ ಮಲ್ಪೆಯ ತವರಿನಲ್ಲಿ ಗೋಡೆ ನೋಡಿಕೊಂಡು ಕೂತಿದ್ದಾಳೆ. ಗಂಡನಾದ ನನ್ನ ಹತ್ತಿರವೂ ಮಾತಿಲ್ಲ. ತನ್ನಿಂದಲೇ ಹೋಯಿತು ಎಂಬ ಹಟ.

ಮಧ್ಯಾಹ್ನ ಮೆಸೇಜ್ ಬಂತು. ‘ಮೊಟ್ಟೆ ಎಷ್ಟುಂಟು?’

ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದೆ.

ಮಾರ್ಚ್ 9
ಎರಡು ಮರಿ. ಒಂದು ದಾಂಡಿಗ, ತಿನ್ನುವುದೇ ಕೆಲಸ. ಇನ್ನೊಂದು ಪೀಚು. ಪೀಚಿಗೆ ಭವ್ಯ ‘ಕಿನ್ನಿ’ ಎಂದು ಹೆಸರಿಟ್ಟಳು. ತುಳುವಿನಲ್ಲಿ ಮರಿಗೆ ಹಾಗೇ ಅನ್ನುವುದು, ದೊಡ್ಡ ಹೆಸರೇನಲ್ಲ. ಆದರೆ ಅವಳು ಕರೆದ ದನಿ...

ಮಾರ್ಚ್ 20
ನಿನ್ನೆಯಿಂದ ಗಾಳಿ, ಕಣ್ಣು ಬಾಯಿ ತುಂಬ ಮರಳು. ಗೂಡು ಒಂದು ಕಡೆಗೆ ವಾಲಿದೆ. ಬೇರೆ ಕಂಬಗಳ ರಿಪೇರಿಗೆಂದು ಆಳನ್ನು ಮೇಲೆತ್ತುವ ಮ್ಯಾನ್‌ಲಿಫ್ಟ್ ಬಂದಿತ್ತು. ವಿಡಿಯೋ ಕಾಲ್‌ನಲ್ಲಿ ಭವ್ಯಳಿಗೆ ತೋರಿಸಿದೆ.

‘ತಂತಿ ಬೇಡ, ಮರಿಗೆ ಚುಚ್ತದೆ. ಬಲೆಯ ನೂಲಲ್ಲಿ ಕಟ್ಟಿ. ನಮ್ಮ ಗಂಟು ಹಾಕಿ, ಜಾರೂದಿಲ್ಲ.’

ಹೌದಲ್ಲ! ಎರಡೂ ಮನೆಯವರು ಬಲೆ ಹೆಣೆದೇ ಬೆಳೆದವರು. ಹತ್ತಿದೆ. ತಾಯಿ ತಲೆಯ ಮೇಲೆ ಕಿರುಚಾಡಿತು. ಮರಿಗಳು ಸತ್ತ ಹಾಗೆ ಬಿದ್ದುಕೊಂಡವು. ಕೆಳಗಿನಿಂದ ಮೊಹಮ್ಮದ್ — ‘ಯಲ್ಲಾ ಯಲ್ಲಾ, ಬೇಗ! ಸೇಫ್ಟಿಯವ ಬಂದ್ರೆ ಇಬ್ರೂ ಖಲಾಸ್ ಮಾರಾಯ!’

ಕಟ್ಟಿದೆ. ಗಟ್ಟಿ ನಿಂತಿತು.

ಏಪ್ರಿಲ್ 11
ಭವ್ಯ ತಾನಾಗಿ ಫೋನ್ ಮಾಡಿದಳು. ಕಿನ್ನಿ ಅಣ್ಣನ ಬಾಯಿಂದ ಮೀನು ಕಸಿದದ್ದು ಹೇಳಿದೆ, ನಕ್ಕಳು. ಅತ್ತೆ ಆಮೇಲೆ ಗುಟ್ಟಿನಲ್ಲಿ ಹೇಳಿದರು — ಎರಡನೇ ಸಲ ಗಂಜಿ ಹಾಕಿಸಿಕೊಂಡಳಂತೆ. ದಿನಾ ಎದ್ದ ಕೂಡಲೇ ಅದೇ ಪ್ರಶ್ನೆಯಂತೆ, ಕಿನ್ನಿ ಹಾರಿತಾ?

ಮೇ 4
ದೊಡ್ಡದು ಹಾರಿತು! ವಿಡಿಯೋ ಕಳಿಸಿದೆ.
‘ಇನ್ನು ಇದು ಇಲ್ಲಿ ನಿಲ್ಲೂದಿಲ್ಲ,’ ಎಂದ ಮೊಹಮ್ಮದ್. ‘ನಮ್ಮ ಬ್ಯಾರಿಗಳ ಹಾಗೆ. ರೆಕ್ಕೆ ಬಂದ್ರೆ ಕಡಲು ದಾಟೂದೇ.’

ಮೇ 11
ದೊಡ್ಡದು ಕಾಣದೆ ಮೂರು ದಿನ. ಕಡಲು ದಾಟಿತೋ ಏನೋ. ಕಿನ್ನಿ ಏಳುತ್ತದೆ, ಒಂದು ಮೊಳ ಏರುತ್ತದೆ, ದೊಪ್ಪನೆ ಬೀಳುತ್ತದೆ. ಅಂಜುಬುರುಕ ಎಂದು ಬೈದೆ. ಆಮೇಲೆ ಬೈನಾಕ್ಯುಲರ್‌ನಲ್ಲಿ ನೋಡಿದೆ.

ಕಾಲಿಗೆ ನೂಲು. ನಾನು ಕಟ್ಟಿದ ನೂಲು.

ಬಲೆಯಲ್ಲಿ ನೀರುಕಾಗೆ ಸಿಕ್ಕಿ ಸಾಯುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಬುದ್ಧಿ ಎಲ್ಲಿಟ್ಟಿದ್ದೆ?

ಮ್ಯಾನ್‌ಲಿಫ್ಟ್ ವಾಪಸ್ ಹೋಗಿ ಎಷ್ಟೋ ಕಾಲವಾಯಿತು. ಲಿಫ್ಟ್ ಕೇಳಲು ಆಫೀಸಿಗೆ ಓಡಿದೆ. ಹಕ್ಕಿಗೆ ಪರ್ಮಿಟ್ಟಾ? ಮಾಫಿ, ಇಲ್ಲವೇ ಇಲ್ಲ. ನಕ್ಕರು.

ಮೇ 13
ಮೊಹಮ್ಮದ್ ಪಕ್ಕದ ಯಾರ್ಡಿನಿಂದ ತನ್ನ ಹೆಸರಿನಲ್ಲೇ ಲಿಫ್ಟ್ ತಂದ. ನೂಲು ಮಾಂಸದ ಒಳಗೆ ಇಳಿದಿತ್ತು. ಗಂಟು ಬಿಚ್ಚಲು ಬರಲಿಲ್ಲ, ನೂಲನ್ನೇ ಕೊಯ್ದೆ. ಕಾಲು ಕಪ್ಪಾಗಿದೆ. ನನ್ನ ಹೆಬ್ಬೆರಳು ಕಚ್ಚಿತು — ಕಚ್ಚಲಿ. ಡಾಕ್ಟರ್ ಹತ್ತಿರ ಕೊಂಡುಹೋಗುವ ಎಂದ ಮೊಹಮ್ಮದ್. ತಾಯಿ ಮೀನು ಹಿಡಿದುಕೊಂಡು ಸುತ್ತುತ್ತಲೇ ಇತ್ತು. ಮನಸ್ಸು ಬರಲಿಲ್ಲ. ಗೂಡಿನಲ್ಲೇ ಬಿಟ್ಟೆ.

ಮೇ 14
ಬೆಳಿಗ್ಗೆ ಗೂಡು ಖಾಲಿ. ಹಾರಿತು ಎಂದು ಕೂಗಿಬಿಟ್ಟೆ. ಮೊಹಮ್ಮದ್ ನನ್ನ ಕೈ ಹಿಡಿದು ಕರೆದುಕೊಂಡು ಹೋದ. ಜೆಟ್ಟಿಯ ಕಲ್ಲುಗಳ ನಡುವೆ ಕಿನ್ನಿ ತಣ್ಣಗೆ ಬಿದ್ದಿತ್ತು. ಒಂದು ರೆಕ್ಕೆ ಬಿಚ್ಚಿಕೊಂಡು.

ಭವ್ಯಳ ಫೋನ್. ‘ಕಿನ್ನಿ ಹಾರಿತಾ?’
ಆ ಗಂಟು ಹೇಳಿದ್ದು ಅವಳು. ಇದನ್ನು ಅವಳ ತಲೆಗೆ ಹೇಗೆ ಹೊರಿಸಲಿ?
‘ಹಾರಿತು,’ ಎಂದೆ.
‘ಅಮ್ಮಾ, ಹಾರಿತಂತೆ!’ ಮನೆ ತುಂಬ ಅವಳದೇ ದನಿ. ಆಮೇಲೆ — ‘ವಿಡಿಯೋ ಕಳಿಸಿ ಆಯ್ತಾ.’

ಮೇ 15
ದೊಡ್ಡದರ ಇನ್ನೊಂದು ವಿಡಿಯೋ ಇತ್ತು. ಅದನ್ನೇ ಕಳಿಸಿದೆ. ನೀಲಿ ಟಿಕ್.
‘ಇದು ದೊಡ್ಡದು. ಕಿನ್ನಿಯ ಗುರ್ತ ನನಗೆ ಸಿಗೂದಿಲ್ವಾ?’
ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ.
ಅಷ್ಟರಲ್ಲಿ ಅವಳದೇ ಬಂತು. ‘ಗಂಟಾ?’

ಮೇ 18
ತಾಯಿ ಇವತ್ತೂ ಮೀನು ತಂದು ಖಾಲಿ ಗೂಡಿನಲ್ಲಿ ಇಟ್ಟು, ಕರೆಯಿತು. ಆ ಕಡೆ ನೋಡಲಾರೆ.
ಭವ್ಯ ಫೋನ್ ಎತ್ತುವುದಿಲ್ಲ. ಕೊನೆಗೆ ಅತ್ತೆ ಎತ್ತಿದರು. ‘ಪುನಃ ಮಾತು ನಿಲ್ಸಿದ್ದಾಳೆ. ಊಟವೂ ಇಲ್ಲ. ಎಂತ ಹೇಳಿದ್ದು ನೀವು ಅವಳಿಗೆ?’
‘ಹಾರಿತು ಅಂತ ಹೇಳಿದ್ದು ಅತ್ತೆ, ಅಷ್ಟೇ. ಹಾರಿತು ಅಂತ...’