ಗ್ಲೆನಿಸ್‌ಳ ಸೊಂಟಪಟ್ಟಿಯ ತೋಟಾಗಳು

ಆಗಸ್ಟ್ 10, ಮಧ್ಯಾಹ್ನ

ಹೆಬ್ಬಾತು ಬೇಟೆಯ ತೋಟಾ ತುಂಬುತ್ತಿದ್ದೆ. ಚಕ್ಕೆ ಚಕ್ಕೆಯ ಮದ್ದು, ಭಗ್ಗನೆ ಉರಿಯುವ ಜಾತಿ. ಅಷ್ಟರಲ್ಲಿ ಚಹಾಕ್ಕೆ ಹೆಂಡತಿಯ ಕರೆ. ರಣಭೇರಿಯನ್ನಾದರೂ ಧಿಕ್ಕರಿಸಬಹುದು, ಗ್ಲೆನಿಸ್‌ಳ ಕೂಗನ್ನಲ್ಲ! ಮದ್ದಿನ ಯಂತ್ರ, ಬೆಂಚು ಎಲ್ಲ ಹಾಗೇ ಬಿಟ್ಟು ಎದ್ದೆ.

ಆಗಸ್ಟ್ 12

ಮಹಾರಾಣಿಗೆ, ಅಂದರೆ ಗ್ಲೆನಿಸ್‌ಳ ಜೋಡುನಳಿಗೆ ಕೋವಿಗೆ, ತೋಟಾ ಸಿದ್ಧ. ಒಂದೊಂದೂ ಹೆಬ್ಬೆರಳಿಗಿಂತ ದಪ್ಪ. ಇದರ ಮದ್ದು ಕಡ್ಡಿ ಕಡ್ಡಿ, ನಿಧಾನಕ್ಕೆ ಉರಿಯುವುದು. ಬೇಟೆಗೆ ಬರುವ ಅತಿಥಿಗಳು ಗಾಯ ಮಾಡಿ ಬಿಟ್ಟ ಕಾಡುಕೋಣದ ಹಿಂದೆ ಹುಲ್ಲಿಗೆ ಇಳಿಯುವವಳು ಅವಳೇ ತಾನೆ.

"ಲೋ ಮುದುಕಾ, ಇವು ಗುಡುಗ್ತಾವೋ ಕೆಮ್ತಾವೋ?"

"ಮೇರಿ ನದಿ ಹಿಮ್ಮುಖವಾಗಿ ಹರೀಬೇಕು, ಹಂಗೆ!" ಎಂದೆ. ನಕ್ಕಳು. ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಳು.

ಆಗಸ್ಟ್ 14, ಬೆಳಿಗ್ಗೆ

ಗ್ಲೆನಿಸ್ ಅತಿಥಿ ಹಾರ್ಲನ್‌ನೊಂದಿಗೆ ನಸುಕಿನಲ್ಲೇ ಕೋಣದ ಬೇಟೆಗೆ ಹೋದಳು. ಮತ್ತೆ ಬೆಂಚಿಗೆ ಕೂತೆ. ಮದ್ದು ಅಳೆಯುವ ಯಂತ್ರದ ಗಾಜಿಗೆ ಕಣ್ಣು ಹೋಯಿತು. ಕಡ್ಡಿಗಳ ನಡುವೆ... ಚಕ್ಕೆ.

ಅಯ್ಯೋ ಪಾಪಿ! ಯಂತ್ರ ಬರಿದು ಮಾಡದೆ ಬೇರೆ ಮದ್ದು ಸುರಿಯಬಾರದು — ಈ ಕಸುಬಿನ ಮೊದಲ ನಿಯಮ. ಹೆಬ್ಬಾತಿನ ಮದ್ದು ಅಡಿಯಲ್ಲಿತ್ತು. ಅದರ ಮೇಲೇ ಸುರಿದಿದ್ದೇನೆ. ಅಡಿಯದು ಮೊದಲು ಇಳಿಯುತ್ತದೆ. ಮೊದಲು ತುಂಬಿದ ತೋಟಾಗಳಲ್ಲಿ ಬರೀ ಚಕ್ಕೆ! ಹಾರಿಸಿದರೆ ಅಷ್ಟೂ ಒಮ್ಮೆಗೇ ಉರಿದು ಕೋವಿ ಅವಳ ಮುಖಕ್ಕೇ ಸಿಡಿಯುತ್ತದೆ. ಯಾವುವು ಮೊದಲಿನವು? ಎಲ್ಲವೂ ಒಂದೇ ಥರ ಹೊಳೆಯುತ್ತವೆ.

ರೇಡಿಯೊ —

ಅದೇ ಬೆಳಿಗ್ಗೆ

ಸಿಕ್ಕಳು. ಪಿಸುದನಿ.

"ಗ್ಲೆನಿ, ಹಾರಿಸ್ಬೇಡ! ತೋಟಾ ಕೆಟ್ಟಿದೆ, ನನ್ನದೇ ತಪ್ಪು!"

"ಗಾಯದ ಕೋಣ ಎದುರಿಗೇ ಹುಲ್ಲಲ್ಲಿದೆ ಕಣೋ. ಹಾರಿಸ್ದೆ ಏನ್ ಮಾಡ್ಲಿ, ಲಾಲಿ ಹಾಡ್ಲಾ?"

"ಹಾರ್ಲನ್ ಕೋವಿ ತಗೋ!"

"ಮಹಾಶಯ ಮರದ ಮೇಲಿದಾನೆ. ಕೋವಿ ಕೋಣದ ಕಡೆ ಬಿದ್ದಿದೆ."

"ನೀನೂ ಮರ ಹತ್ತೇ!"

"ಈ ಮಂಡಿನೋವು ಇಟ್ಕೊಂಡಾ? ನೋಡ್ತೀನಿ, ತೆವಳಿ ಹೋಗಿ ಅವನ ಕೋವೀನೇ ತಗೋತೀನಿ. ಬಾಯಿ ಮುಚ್ಚು, ನಿನ್ನ ಗಂಟಲು ಕೋಣಕ್ಕೂ ಕೇಳುತ್ತೆ."

ರೇಡಿಯೊ ಆರಿಸಿಬಿಟ್ಟಳು. ಜೀಪು ಅವಳ ಬಳಿ. ನಡೆದು ಮುಟ್ಟುವ ದೂರವಲ್ಲ. ಗುಂಡಿನ ಸದ್ದು ಮಾತ್ರ ಇಲ್ಲಿಗೆ ಬರುತ್ತದೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ. ಹಾರ್ಲನ್‌ನ ಕೋವಿ ಚಟ್ಟೆನ್ನುತ್ತದೆ. ಮಹಾರಾಣಿ ನೆಲ ಅದುರಿಸುತ್ತಾಳೆ. ಚಟ್ಟೆನ್ನಲಿ, ದೇವರೇ, ಚಟ್ಟೆನ್ನಲಿ.

ಚಟ್!

ಅವನದು! ತೆವಳಿ ಮುಟ್ಟಿದಳು! ಭಲೇ ನನ್ನ —

ಮತ್ತೊಂದು. ಬೆಂಚು ಅದುರಿತು. ಇದು ಮಹಾರಾಣಿ. ಗ್ಲೆನಿ —