ಬ್ರೇಕಿಗೆ ಒಗ್ಗರಣಿ

ಜುಲೈ ೧೪, ಸೋಮವಾರ. ಬಾದಾಮಿ.

ಎಣ್ಣಿ ಹಾಕಿದವ ನಾನೇ. ಇದನ್ನ ಇಲ್ಲಿ ಬಿಟ್ಟರ ಎಲ್ಲೂ ಹೇಳಿಲ್ಲ.

ನನ್ನ ಬೈಕಿನ ಮುಂದಿನ ಗಾಲಿ ಕೀಂಯ್‌ಗುಡ್ತಿತ್ತು. ವೈದ್ಯಶಿರೋಮಣಿಯಾದ ನಾನು ನಿನ್ನೆ ನಾಡಿ ಹಿಡಿದು, ಗಾಲಿಯೊಳಗ ಅಡಿಗಿಮನಿಯ ಕುಸುಬಿ ಎಣ್ಣಿ ಕುಡಿಸಿದೆ. ಸದ್ದು ಅಡಗಿತು. ಇವತ್ತು ಅದೇ ಬೈಕ್ ಒಯ್ದ ತಮ್ಮ ಸೋಮಲಿಂಗ, ಚೊಳಚಗುಡ್ಡದ ಹತ್ತಿರ ಕುರಿಹಿಂಡು ಅಡ್ಡ ಬಂದಾಗ ಬ್ರೇಕ್ ಒತ್ತಿದರೆ ಹಿಡೀಲಿಲ್ಲ. ಅವನ ಕಾಲು ಎರಡು ಕಡೆ ಮುರಿದಿದೆ.

ಮೆಕ್ಯಾನಿಕ್ ಶಾಬುದ್ದೀನ ಗಾಲಿ ಬಿಚ್ಚಿ ಮೂಸಿ ನೋಡಿದ. “ಬ್ರೇಕಿಗೆ ಒಗ್ಗರಣಿ ಯಾರ ಹಾಕ್ಯಾರ್ರಿ ಸರ?”

“ಯಾರಿಗೊತ್ತಪಾ” ಅಂದೆ.

ದವಾಖಾನ್ಯಾಗ ಸೋಮಲಿಂಗನ ಹೆಂಡತಿ ಸುರೇಖಾ ಬೈತಿದ್ದಳು: “ಜೋರ ಹೊಡೀಬ್ಯಾಡ ಅಂದ್ರ ಕೇಳ್ತಾನೇನ್ರಿ?” ನಾನೂ ಗಂಭೀರವಾಗಿ, “ಸಾವಕಾಶ ಹೊಡೀಬೇಕಲೇ” ಅಂತ ಉಪದೇಶ ಮಾಡಿದೆ.

ಅವನು ಕಣ್ಣು ತೆರೆದು, “ತಪ್ಪಾತಣ್ಣಾ, ನಿನ್ನ ಗಾಡಿ ಹಾಳ ಮಾಡಿದೆ” ಅಂದ.