ಮೂಲೆ ಗೋದಾಮಿನ ಕ್ಯಾನ್ವಾಸು

ಹಾಯಿ ಷೆಡ್ಡು, ಹಗ್ಗದ ಬೀದಿ,
ಹಳೆ ಬಂದರು.
ಮಾರ್ಚ್ ಹನ್ನೊಂದು, ಭಾನುವಾರ.

ಪ್ರೀತಿಯ ಎಡಚಿಗೆ,

ಅಕ್ಕನ ಆಶೀರ್ವಾದಗಳು. ನಾನೂ ನಿನ್ನ ಭಾವನೂ ಚೆನ್ನಾಗಿದ್ದೇವೆ. ನೀನು, ನಿನ್ನ ಯಜಮಾನರು, ಪುಟ್ಟಿ ಎಲ್ಲರೂ ಕ್ಷೇಮ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಇತ್ತು ಎಂದು ಸುಳ್ಳು ಹೇಳಬಹುದು. ಆದರೆ ಬರೆಯಲು ಕೂತಾಗಲೆಲ್ಲ ಮನಸ್ಸು ಕೆಟ್ಟುಹೋಗಿ ಎದ್ದುಬಿಡುತ್ತಿದ್ದೆ. ಇವತ್ತು ಹಟ ಹಿಡಿದು ಕೂತಿದ್ದೇನೆ.

ಕೈ ಹೇಗಿದೆ? ಸೂಜಿ ಹಿಡಿದರೆ ಬೆರಳು ಸೆಟೆದುಕೊಳ್ಳುತ್ತವೆ ಎನ್ನುತ್ತಿದ್ದೆಯಲ್ಲ, ಈಗಲೂ ಹಾಗೇ ಇದೆಯೇ? ಎಣ್ಣೆ ಸೀಸೆಯನ್ನು ನಿನ್ನ ಭಾವನ ಕೈಯಲ್ಲಿ ಕಳಿಸಿದ್ದೆ. ಅವರ ಲಾಂಚು ಹೇಗೂ ದಿನಾ ನಿಮ್ಮ ಶಹರಕ್ಕೂ ನಮ್ಮ ಬಂದರಿಗೂ ಓಡಾಡುತ್ತದೆ. ಬಿಸಿ ಮಾಡಿ, ಅಂಗೈಯಿಂದ ಬೆರಳ ತುದಿಗೆ ನೀವಬೇಕು. ನೀವಿದೆಯೋ, ಅಡುಗೆಮನೆ ಕಪಾಟಿನಲ್ಲಿ ಹಾಗೇ ಇಟ್ಟಿದ್ದೀಯೋ ನನಗೇನು ಗೊತ್ತು. ನಿನ್ನ ಭಾವನನ್ನು ಕೇಳಿದೆ, "ಸೀಸೆ ಕೊಟ್ಟಾಗ ಅವಳು ಏನ್ ಮಾಡ್ತಿದ್ಲು?" ಅಂತ. "ಅಡುಗೆ ಮಾಡ್ತಿದ್ಲು" ಅಂದರು. ಕೇಳಿ ಮುಗಿಸುವ ಮೊದಲೇ ಅಂದರು. ಇಷ್ಟು ವರ್ಷದಲ್ಲಿ ಆ ಮನುಷ್ಯ ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಕೊಟ್ಟದ್ದಿಲ್ಲ.

ಇಲ್ಲಿಯ ಸುದ್ದಿ ಕೇಳು. ರಜೆ ದಿನ ಬಂದರೆ ಸಾಕು, ಶಹರದವರು ಲಾಂಚು ತುಂಬ ಬಂದಿಳಿಯುತ್ತಾರೆ. ದೋಣಿ ಕಟ್ಟುವ ತುಕ್ಕು ಹಿಡಿದ ಕಬ್ಬಿಣದ ಬಳೆ, ಬಣ್ಣ ಹೋದ ಬಾಗಿಲು, ಹಗ್ಗ ಉಜ್ಜಿ ಸವೆದ ಕಲ್ಲು, ಯಾವುದನ್ನೂ ಬಿಡದೆ ಫೋಟೊ ತೆಗೆಯುತ್ತಾರೆ. ಮೊನ್ನೆ ಒಬ್ಬಾಕೆ ಷೆಡ್ಡಿನ ಬಾಗಿಲಲ್ಲಿ ನಿಂತು, "ಆಂಟಿ, ಸೂಜಿ ಹಾಗೇ ಹಿಡ್ಕೊಂಡು ಸ್ವಲ್ಪ ದೂರಕ್ಕೆ ನೋಡಿ" ಅಂದಳು. ದೂರಕ್ಕೆ ಏನಿದೆ, ನಮ್ಮ ಗೋಡೆ. ನಾನು ಗೋಡೆ ನೋಡಿದೆ, ಅವಳು ಫೋಟೊ ತೆಗೆದುಕೊಂಡು ಹೋದಳು.

ಇದು ಬರೀ ನೋಡಿಹೋಗುವವರ ಕಥೆಯಾಯಿತು. ಕೊಂಡುಕೊಳ್ಳಲು ಬಂದವರ ಕಥೆ ಬೇರೆ. ಶಹರದ ಒಂದು ಕಂಪನಿ ನಮ್ಮ ಬೀದಿಯ ಗೋದಾಮುಗಳನ್ನು ಒಂದೊಂದಾಗಿ ಕೊಂಡು, ಬಂದವರು ತಂಗುವ ಕೋಣೆಗಳಾಗಿ ಮಾಡುತ್ತಿದೆ. ಅವರ ಕಡೆಯಿಂದ ಒಬ್ಬ ಬರುತ್ತಾನೆ. ಬಂದರಿನ ಕೆಸರಲ್ಲೂ ಬಿಳಿ ಬೂಟು ಹಾಕಿಕೊಂಡು ಓಡಾಡುತ್ತಾನೆ, ಬೂಟು ಮಾತ್ರ ಕೊಳೆಯಾಗುವುದಿಲ್ಲ. ಅಂಥವನನ್ನು ಹೇಗೆ ನಂಬುವುದು? ನಮ್ಮ ಷೆಡ್ಡು ಅಮ್ಮನ ಕಾಲದಿಂದ ನಮ್ಮಿಬ್ಬರ ಹೆಸರಲ್ಲಿರುವುದರಿಂದ ಇಬ್ಬರೂ ಸಹಿ ಹಾಕಬೇಕಂತೆ. ನಾನು ಹಾಕಿಲ್ಲ. ಕೈ ಸರಿಹೋಗಿ ನೀನು ವಾಪಸು ಬಂದರೆ ಎಲ್ಲಿ ಕೂರುತ್ತೀ? ಮೇಜಿನ ಆ ತುದಿಯಲ್ಲಿ ನಿನ್ನ ಮಣೆ ಇಟ್ಟ ಜಾಗದಲ್ಲೇ ಇದೆ. ಅದನ್ನು ಕಾಯ್ದುಕೊಂಡೇ ಎರಡು ವರ್ಷ ಒಬ್ಬಳೇ ಹೊಲಿದಿದ್ದೇನೆ. ಹೋದ ವಾರ ಒಬ್ಬ ದೋಣಿ ಯಜಮಾನ ತನ್ನ ಟಾರ್ಪಾಲು ಬಿಡಿಸಿ ನೋಡಿ, "ಏನಮ್ಮ, ಹೊಲಿಗೆ ಎಲ್ಲಾ ಒಂದೇ ಕಡೆ ವಾಲಿದೆ. ತಂಗಿ ಇನ್ನು ಬರೋದೇ ಇಲ್ವಾ?" ಅಂದ. ಬರುತ್ತಾಳೆ ಎಂದೆ.

ಬಿಳಿ ಬೂಟಿನವನು ಹೋದ ತಿಂಗಳು ಒಳಗೆ ಬಂದಾಗ ನನ್ನ ಕೈಯಲ್ಲಿ ಕತ್ತರಿಯಿತ್ತು. ಅವನು ನಗುತ್ತ, "ಕತ್ತರಿ ಕೆಳಗಿಡಿ ಮೇಡಂ, ಆಮೇಲೆ ಮಾತಾಡೋಣ. ಹೊಲಿಗೆ ಸರಿ ಬರ್ಲಿಲ್ಲ ಅಂದ್ರೆ ಮೇಜಿಗೆ ಬಡೀತೀರಂತಲ್ಲ" ಅಂದ. ನಾನು ಕತ್ತರಿ ಬಡಿಯುವುದು ನಿಜ, ನಿನಗೆ ಗೊತ್ತೇ ಇದೆ. ಆದರೆ ಗಿರಾಕಿಗಳ ಎದುರು ಒಂದು ದಿನವೂ ಬಡಿದವಳಲ್ಲ. ಇವನಿಗೆ ಹೇಳಿದವರು ಯಾರು? ಅಂದಿನಿಂದ ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು.

ಮೊದಲ ಗುಮಾನಿ ಲಂಗರಜ್ಜನ ಮೇಲೆ. ಪಕ್ಕದಲ್ಲೇ ಕೂತು ದಿನವಿಡೀ ಲಂಗರಿನ ಸರಪಳಿ ರಿಪೇರಿ ಮಾಡುವವನು. ಹೊಸ ಕನ್ನಡಕ ಬೇರೆ ಬಂದಿದೆ. "ಅಜ್ಜ, ಕನ್ನಡಕ ಯಾರು ಕೊಡಿಸಿದ್ರು?" ಎಂದು ಕೇಳಿದೆ. "ಮಗಳು. ನಿನಗೂ ಒಂದು ಬೇಕಾ? ನನ್ನ ಮುಖದಲ್ಲಿ ಆಗಿಂದ ಏನೋ ಹುಡುಕ್ತಿದೀಯಲ್ಲ" ಅಂದ. ಅವನ ಸುತ್ತಿಗೆಯ ಸದ್ದಿನಲ್ಲಿ ನನ್ನ ಕತ್ತರಿಯ ಸದ್ದು ಕೇಳುವುದಾದರೂ ಹೇಗೆ? ಅವನನ್ನು ಬಿಟ್ಟೆ.

ಆಮೇಲೆ ಸಿಕ್ಕಿದ್ದು ಮಹಡಿಯ ಬಾಡಿಗೆಯವರು. ನಿನಗೆ ಅವರ ವಿಷಯ ಬರೆದಿರಲಿಲ್ಲ. ಷೆಡ್ಡಿನ ಮೇಲಿನ ಕೋಣೆಗೆ ಚಳಿಗಾಲದಲ್ಲಿ ಬಂದರು, ಚಿತ್ರಕಲೆ ಹೇಳಿಕೊಡುತ್ತಿದ್ದ ಮೇಷ್ಟ್ರು, ಈಗ ನಿವೃತ್ತಿ. ಮಾತು ಕಡಿಮೆ. ಕೈಯಲ್ಲಿ ಯಾವಾಗಲೂ ಅಳತೆಯ ಟೇಪು. ಕಿಟಕಿ ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಮತ್ತೆ ಅಳೆಯುತ್ತಾರೆ. ಮರದ ಹಲಗೆಯ ನೆಲ, ಕೆಳಗೆ ನಾನು ಉಸಿರಾಡಿದರೂ ಮೇಲೆ ಕೇಳುತ್ತದೆ. ಇವನೇ ಕಂಪನಿಯ ಕಣ್ಣು, ಕಿವಿ ಎಂದು ತೀರ್ಮಾನ ಮಾಡಿದೆ. ವಿಚಾರಿಸಿಕೊಂಡು ಬನ್ನಿ ಎಂದು ನಿನ್ನ ಭಾವನನ್ನು ಕಳಿಸಿದರೆ, ಈ ಮಹಾರಾಯರು ಸಂಜೆವರೆಗೆ ಇಸ್ಪೀಟು ಆಡಿ ಇಳಿದು ಬಂದರು. "ಏನ್ ಗೊತ್ತಾಯ್ತು?" ಅಂದೆ. "ಆಟ ಚೆನ್ನಾಗಿ ಆಡ್ತಾರೆ" ಅಂದರು.

ಕೊನೆಗೆ ನಾನೇ ಮೆಟ್ಟಿಲು ಹತ್ತಿದೆ. "ಮೇಷ್ಟ್ರೇ, ನಿಜ ಹೇಳಿ, ನೀವು ಯಾರ ಕಡೆಯವರು?" ಎಂದು ಕೇಳಿದೆ. ಅವರು ತಲೆಯಾಡಿಸಿ, "ಹೌದು ಹೌದು, ಈ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತೆ" ಅಂದರು. ನಾಟಕ ಎಂದುಕೊಂಡು ಇನ್ನೂ ಜೋರಾಗಿ ಕೇಳಿದೆ. ಆಗ ಮೇಜಿನ ಡ್ರಾಯರಿನಿಂದ ಕಿವಿಯ ಮಷೀನು ತೆಗೆದು ಸಿಕ್ಕಿಸಿಕೊಂಡರು. ಎರಡು ಕಿವಿಯೂ ಕೇಳುವುದಿಲ್ಲವಂತೆ. ಮಷೀನು ಹಾಕಿದರೆ ತಲೆನೋವು, ಹಾಗಾಗಿ ಹಾಕುವುದೇ ಇಲ್ಲ. "ಈ ಮನೇಲಿ ಎಷ್ಟು ಶಾಂತಿ ಇದೆಯಮ್ಮ, ಕೆಳಗಡೆ ಯಾರಾದ್ರೂ ಇದ್ದಾರೋ ಇಲ್ವೋ ಅನ್ಸುತ್ತೆ" ಅಂದರು. ನಿನ್ನ ಭಾವ ಇದನ್ನು ಕೇಳಿ ನಕ್ಕ ನಗು ಇನ್ನೂ ನಿಂತಿಲ್ಲ. ಟೇಪು ಯಾಕೆಂದರೆ, ದೀಪಸ್ತಂಭದ ಬೆಳಕು ಮುಖದ ಮೇಲೆ ಬಿದ್ದು ನಿದ್ದೆ ಬರುವುದಿಲ್ಲವಂತೆ, ಪರದೆಗೆ ಅಳತೆ. ಪರದೆಯನ್ನು ನಾನೇ ಹೊಲಿದುಕೊಟ್ಟೆ. ಅನುಮಾನದ ಪಿಶಾಚಿ ಎಂದು ನೀನು ನನ್ನನ್ನು ಕರೆಯುತ್ತಿದ್ದದ್ದು ನೆನಪಾಯಿತು.

ನಿನ್ನ ಭಾವನನ್ನೂ ಬಿಡಲಿಲ್ಲ ನಾನು. ಆದರೆ ಕಂಪನಿಯವನ ಹತ್ತಿರ ಹೋಗಿ ಹೆಂಡತಿಯ ಕತ್ತರಿಯ ಸುದ್ದಿ ಹೇಳುವಷ್ಟು ಧೈರ್ಯ ಅವರಿಗಿದ್ದಿದ್ದರೆ ನನ್ನ ಸಂಸಾರ ಬೇರೆಯೇ ಥರ ಇರುತ್ತಿತ್ತು.

ಹಾಂ, ಇನ್ನೊಂದು ಸುದ್ದಿ. ಮೂಲೆ ಗೋದಾಮು ಇತ್ತಲ್ಲ, ನಾವು ಚಿಕ್ಕವರಿದ್ದಾಗ ಉಪ್ಪಿನ ಮೂಟೆಯ ಮೇಲೆ ಕೂತು ಅಮ್ಮನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದದ್ದು, ಅದನ್ನು ಕಂಪನಿಯವರು ಚಹಾದ ಅಂಗಡಿ ಮಾಡಿದ್ದಾರೆ. ಹೋಗೋಣವೆಂದು ನಾನೇ ಹೊರಟೆ. ನಿನ್ನ ಭಾವ ಮಾತ್ರ ಯಾಕೋ ಬೇಡ ಬೇಡ ಎನ್ನುತ್ತಲೇ ಬಂದರು. ಅಂಗಳಕ್ಕೆಲ್ಲ ನೆರಳಾಗುವ ಹಾಗೆ ಒಂದು ದೊಡ್ಡ ಕ್ಯಾನ್ವಾಸು ಕಟ್ಟಿದ್ದಾರೆ. ಏನು ಹೊಲಿಗೆ ಅಂತೀ. ಮಷೀನಿನದ್ದಲ್ಲ, ಕೈಯದ್ದು. ಗಾಳಿ ಎಷ್ಟೇ ಎಳೆದಾಡಿದರೂ ಒಂದು ಸಾಲೂ ಬಾಯಿ ಬಿಡುವುದಿಲ್ಲ. ನಾನು ಕತ್ತೆತ್ತಿ ನೋಡುತ್ತಲೇ ಕೂತೆ. ಯಾರು ಹೊಲಿದದ್ದು ಎಂದು ಚಹಾ ತಂದವಳನ್ನು ಕೇಳಿದರೆ, ಶಹರದಲ್ಲಿ ಮಾಡಿಸಿದ್ದು ಅಂದಳು. ನಿನ್ನ ಭಾವ, "ಚಹಾ ಆರೋಗುತ್ತೆ, ಕುಡಿ" ಎಂದು ಹೇಳುತ್ತಲೇ ಇದ್ದರು. ಅವರ ಲೋಟದ ಚಹಾ ಆಗಲೇ ಆರಿಹೋಗಿತ್ತು.

ಕಾಗದ ಉದ್ದವಾಯಿತು. ಪುಟ್ಟಿಗೆ ದೊಡ್ಡಮ್ಮನ ಮುತ್ತು ಕೊಡು. ಅವಳು ಎತ್ತರವಾಗಿದ್ದಾಳಂತೆ, ನಿನ್ನ ಭಾವ ಹೇಳಿದರು. ಯಜಮಾನರಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಜಾಸ್ತಿ ಆಯಾಸ ಕೊಡಬೇಡ. ನಿನ್ನ ಮನೆ ತುಂಬಿರಲಿ, ನಿನ್ನ ಕೈ ಗಟ್ಟಿಯಾಗಿರಲಿ.

ಎಂದೆಂದೂ ನಿನ್ನ ಒಳಿತನ್ನೇ ಬಯಸುವ
ಅಕ್ಕ

ತಾ.ಕ.: ಇದು ಮರೆತು ಕೊನೆಗೆ ಸೇರಿಸಿದ್ದಲ್ಲ. ಮೇಲೆ ಬರೆಯಲು ಆಗಲಿಲ್ಲ.

ಚಹಾ ಕುಡಿದು ಬಂದ ಮರುದಿನ ಬೆಳಿಗ್ಗೆ, ಅಂಗಡಿ ತೆರೆದ ಕೂಡಲೇ ನಾನೊಬ್ಬಳೇ ಮತ್ತೆ ಅಲ್ಲಿಗೆ ಹೋದೆ. ಕುರ್ಚಿಯ ಮೇಲೆ ಹತ್ತಿ ಆ ಕ್ಯಾನ್ವಾಸನ್ನು ಕೈಯಿಂದ ಮುಟ್ಟಿ ನೋಡಿದೆ. ದೊಡ್ಡ ಬಟ್ಟೆಯ ಒಂದೇ ಸಾಲನ್ನು ಆ ತುದಿಯಿಂದ ನೀನು, ಈ ತುದಿಯಿಂದ ನಾನು ಹೊಲಿಯುತ್ತ ನಡುವೆ ಬಂದು ಸೇರುತ್ತಿದ್ದೆವು. ನನ್ನ ಅರ್ಧ ಬಲಕ್ಕೆ ವಾಲುತ್ತಿತ್ತು, ನಿನ್ನದು ಎಡಕ್ಕೆ. ಇಲ್ಲಿ ಈ ತುದಿಯಿಂದ ಆ ತುದಿವರೆಗೆ ಎಲ್ಲವೂ ಎಡಕ್ಕೆ ವಾಲಿದೆ. ಎಡಗೈಯವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಸಾಲು ಮುಗಿಯುವ ಜಾಗ ನೋಡಿದೆ. ಗಂಟು ಇಲ್ಲ. ದಾರವನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆಯ ಮಡಿಕೆಯೊಳಗೆ ತುದಿ ಬಚ್ಚಿಟ್ಟಿದೆ. ಹಾಯಿ ಎಳೆಯುವವರ ಕೈಗೆ ಗಂಟು ತಾಗಬಾರದೆಂದು ಅಮ್ಮ ತಾನೇ ಕಂಡುಕೊಂಡ ರೀತಿ ಅದು. ಅವಳು ಅದನ್ನು ಕಲಿಸಿದ್ದು ಇಬ್ಬರಿಗೆ ಮಾತ್ರ.

ಮೊದಲು ಹೆಮ್ಮೆಯಾಯಿತು ಕಣೇ, ಸುಳ್ಳು ಹೇಳುವುದಿಲ್ಲ. ಅಷ್ಟು ದೊಡ್ಡದನ್ನು ಒಬ್ಬಳೇ ಹೊಲಿದಿದ್ದಾಳಲ್ಲ ಎಂದು. ಆಮೇಲೆ ಕುರ್ಚಿಯಿಂದ ಇಳಿದು ಅದರ ಮೇಲೇ ಕೂತುಬಿಟ್ಟೆ. ನೋಯುವ ಕೈ ಹೊಲಿಯುವ ಹೊಲಿಗೆಯಲ್ಲ ಅದು. ಷೆಡ್ಡು ಬಿಟ್ಟುಹೋಗುವ ದಿನ, ಸೂಜಿ ತಳ್ಳಲು ಅಂಗೈಗೆ ಹಾಕುವ ನಿನ್ನ ತೊಗಲಿನ ಪಟ್ಟಿಯನ್ನು ಮೊಳೆಯಿಂದ ತೆಗೆದು, "ಅಮ್ಮನ ನೆನಪಿಗೆ ಇರ್ಲಿ ಅಕ್ಕ" ಅಂದಿದ್ದೆ. ಸೂಜಿ ಹಿಡಿಯಲಾಗದವಳಿಗೆ ಅದು ಯಾಕೆ ಎಂದು ಊರನ್ನೆಲ್ಲ ಅನುಮಾನಿಸುವ ನನಗೆ ಆಗ ಹೊಳೆಯಲೇ ಇಲ್ಲ.

ಕಂಪನಿಗೆ ಹೊಲಿದದ್ದಕ್ಕೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡು, ಯಾರಿಗಾದರೂ ಹೊಲಿ. ಸಹಿ ಹಾಕಿದ್ದರೆ ಅದನ್ನೂ ಹೇಳು, ಕೇಳಿಸಿಕೊಳ್ಳುತ್ತೇನೆ. ಆದರೆ ಕತ್ತರಿಯ ಮಾತು ನನ್ನನ್ನು ಬಿಡುತ್ತಿಲ್ಲ. ಆ ಮೇಜಿನ ಎದುರು ಕೂತವಳು ನೀನೊಬ್ಬಳೇ. ನಾನು ಬಡಿದಾಗಲೆಲ್ಲ ನೀನು ಬೆಚ್ಚಿಬೀಳುತ್ತಿದ್ದೆ, ಆಮೇಲೆ ನಗುತ್ತಿದ್ದೆ. ನಗುತ್ತಿದ್ದೀಯಲ್ಲ ಎಂದುಕೊಂಡು ನಾನು ಸುಮ್ಮನಿದ್ದೆ. ಈಗಲೂ ಬಡಿಯುತ್ತೇನೆ. ಎದುರಿಗೆ ಬೆಚ್ಚುವವರು ಯಾರೂ ಇಲ್ಲ, ಮೇಲಿರುವವರಿಗೆ ಕೇಳುವುದಿಲ್ಲ.

ಷೆಡ್ಡಿನ ವಿಷಯ ಆಮೇಲೆ ನೋಡೋಣ. ಮೊದಲು ಇದೊಂದನ್ನು ಹೇಳು, ಎಡಚಿ. ಎರಡು ವರ್ಷ ಎಣ್ಣೆ ಕಳಿಸಿದ್ದೇನೆ, ಕೇಳುವ ಹಕ್ಕು ನನಗಿದೆ. ನಿನಗೆ ನೋವು ಕೊಡುತ್ತಿದ್ದದ್ದು ಸೂಜಿಯೋ, ನಾನೋ?